ಬೈಕ್ ಸವಾರರ ರಕ್ಷಣೆ: ಯಾವುದು ಎಷ್ಟು ಕಾಪಾಡುತ್ತದೆ?

ಬೈಕಿನಿಂದ ಬಿದ್ದು ನನ್ನ ದವಾಖಾನೆಗೆ ಬರುವವರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದೇ: "ಹೆಲ್ಮೆಟ್ ಎಲ್ಲಿತ್ತು?" ಕೆಲವರು "ಟ್ಯಾಂಕ್ ಮೇಲಿತ್ತು" ಎನ್ನುತ್ತಾರೆ, ಕೆಲವರು "ಕೈಗೆ ಸಿಕ್ಕಿಸಿಕೊಂಡಿದ್ದೆ" ಎನ್ನುತ್ತಾರೆ. "ಇಲ್ಲೇ ಮಸೀದಿವರೆಗೆ ಹೋಗುವುದಿತ್ತು ಅಷ್ಟೇ ಹಕೀಮ್ ಸಾಹೇಬ್ರೇ" ಎನ್ನುವವರೂ ಇದ್ದಾರೆ.

ಯುನಾನಿಯಲ್ಲಿ ಹಿಫ್ಜಾನೆ ಸೆಹತ್, ಅಂದರೆ ಇರುವ ಆರೋಗ್ಯವನ್ನು ಉಳಿಸಿಕೊಳ್ಳುವುದು, ಚಿಕಿತ್ಸೆಗಿಂತ ಮೊದಲು ಬರುತ್ತದೆ. ಒಡೆದ ತಲೆಗೆ ಕೊಡಲು ನನ್ನ ಬಳಿ ಮಾಜೂನೂ ಇಲ್ಲ, ರೋಗನ್ ಕೂಡ ಇಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ಹೆಲ್ಮೆಟ್‌ನ ಲಾಭ

ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಅಪಾಯ ಸುಮಾರು ಶೇ. 42ರಷ್ಟು, ತಲೆಗೆ ಗಾಯವಾಗುವ ಅಪಾಯ ಸುಮಾರು ಶೇ. 69ರಷ್ಟು ಕಡಿಮೆ. ಸವಾರನ ಮೈಮೇಲೆ ಇರುವ ಬೇರೆ ಯಾವ ವಸ್ತುವೂ ಇಷ್ಟು ಜೀವ ಉಳಿಸುವುದಿಲ್ಲ.

ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮೋಕೋಲ್‌ನಂಥ ಪದರ ತಾನು ಅಪ್ಪಚ್ಚಿಯಾಗಿ, ಮೆದುಳಿಗೆ ತಲುಪಬೇಕಾದ ಪೆಟ್ಟನ್ನು ನುಂಗುತ್ತದೆ. ಒಮ್ಮೆ ಅಪ್ಪಚ್ಚಿಯಾದ ಪದರ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಅಪಘಾತ ಕಂಡ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು. ಒಳಗೆ ಆ ಪದರವೇ ಇಲ್ಲದ ಪ್ಲಾಸ್ಟಿಕ್ ಟೋಪಿ ದಂಡ ತಪ್ಪಿಸಬಹುದು, ತಲೆಯನ್ನಲ್ಲ.

ಖರೀದಿಸುವಾಗ ಐಎಸ್‌ಐ ಗುರುತು ನೋಡಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಗದ್ದ, ದವಡೆಗಳನ್ನೂ ಕಾಪಾಡುತ್ತದೆ. ತಲೆ ಅಲುಗಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಜಾರಬಾರದು. ಪಟ್ಟಿ ಬಿಗಿಯದಿದ್ದರೆ ಬೀಳುವಾಗ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತದೆ.

ಜಾಕೆಟ್, ಗ್ಲೌಸ್, ಬೂಟು

ಇವುಗಳ ಬಗ್ಗೆ ಆಸ್ಟ್ರೇಲಿಯಾದ ರಾಜಧಾನಿ ಪ್ರದೇಶದಲ್ಲಿ ಅಪಘಾತಕ್ಕೊಳಗಾದ 212 ಸವಾರರನ್ನು ಪರಿಶೀಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ದಾಖಲಾಗುವ ಸಂಭವ ಬೈಕ್ ಜಾಕೆಟ್ ಧರಿಸಿದವರಲ್ಲಿ ಶೇ. 21, ಬೈಕ್ ಪ್ಯಾಂಟ್ ಧರಿಸಿದವರಲ್ಲಿ ಶೇ. 51, ಗ್ಲೌಸ್ ಧರಿಸಿದವರಲ್ಲಿ ಶೇ. 59ರಷ್ಟು ಕಡಿಮೆಯಿತ್ತು. ಮಾಮೂಲಿ ಬೂಟು ಹಾಕಿದವರಿಗೂ, ಸಾಮಾನ್ಯ ಶೂ ಇಲ್ಲವೇ ಜಾಗಿಂಗ್ ಶೂ ಹಾಕಿದವರಿಗೆ ಹೋಲಿಸಿದರೆ, ಪಾದದ ಗಾಯದ ಸಂಭವ ಅರ್ಧಕ್ಕಿಂತ ಕಡಿಮೆಯಿತ್ತು. ಹಾಗಾದರೆ ನಮ್ಮ ಚಪ್ಪಲಿಯ ಗತಿಯೇನು ಎಂದು ನೀವೇ ಯೋಚಿಸಿ.

ಅದೇ ಅಧ್ಯಯನ ಇನ್ನೆರಡು ಮಾತನ್ನೂ ಹೇಳಿತು. ಮೊದಲನೆಯದು, ಒಳಗೆ ಕೂರಿಸುವ ಗಟ್ಟಿ ಪ್ಯಾಡ್‌ಗಳು ತರಚು, ಸೀಳು ಗಾಯಗಳನ್ನು ತಗ್ಗಿಸಿದರೂ ಮೂಳೆ ಮುರಿತವನ್ನು ತಗ್ಗಿಸಿದ್ದು ಕಂಡುಬರಲಿಲ್ಲ. ಎರಡನೆಯದು, ಬೈಕಿಗೆಂದೇ ಮಾಡಿದ ಜಾಕೆಟ್, ಪ್ಯಾಂಟ್, ಗ್ಲೌಸ್‌ಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಅಪಘಾತದಲ್ಲಿ ಹರಿದು ಕೆಲಸಕ್ಕೆ ಬಾರದೆ ಹೋದವು. ಅಂದರೆ ಈ ಉಡುಪು ಚರ್ಮವನ್ನೂ ಕೀಲುಗಳನ್ನೂ ಕಾಪಾಡುತ್ತದೆ. ವೇಗದಲ್ಲಿ ಲಾರಿಗೆ ಗುದ್ದಿದರೆ ಎದೆ, ಹೊಟ್ಟೆ, ತೊಡೆಯ ಮೂಳೆಯನ್ನು ಉಳಿಸುವ ಶಕ್ತಿ ಅದಕ್ಕಿಲ್ಲ. "ಒಳ್ಳೆಯ ಜಾಕೆಟ್ ಇದೆ" ಎಂದು ವೇಗ ಹೆಚ್ಚಿಸುವ ಹುಡುಗರಿಗೆ ತಂದೆ ತಾಯಂದಿರು ಇದನ್ನು ತಿಳಿಸಬೇಕು.

ಯಾವುದು ಮೊದಲು?

ಎಲ್ಲವನ್ನೂ ಒಟ್ಟಿಗೆ ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. ಮೊದಲು ಬೈಕಿನಲ್ಲಿ ಕೂರುವ ಪ್ರತಿಯೊಬ್ಬರಿಗೂ ಒಳ್ಳೆಯ ಹೆಲ್ಮೆಟ್ ಕೊಳ್ಳಿ. ನಂತರ ಹರಡು ಮುಚ್ಚುವ ಬೂಟು ಮತ್ತು ಗ್ಲೌಸ್. ಬೀಳುವಾಗ ಎಲ್ಲರೂ ಅಂಗೈ ಊರುತ್ತಾರೆ, ಅಂಗೈಯ ಚರ್ಮ ಕಿತ್ತುಹೋದರೆ ವಾರಗಟ್ಟಲೆ ಊಟ ಮಾಡಲೂ ವುಝೂ ಮಾಡಲೂ ಕಷ್ಟ. ಕೊನೆಗೆ ಜಾಕೆಟ್. ನಮ್ಮ ಸೆಕೆಗೆ ಗಾಳಿಯಾಡುವ ಜಾಲರಿ ಬಟ್ಟೆಯದ್ದು ಸಿಗುತ್ತದೆ.

ಗಂಡ ಹೆಲ್ಮೆಟ್ ಹಾಕಿ, ಹಿಂದೆ ಹೆಂಡತಿ ಬರಿ ಸ್ಕಾರ್ಫ್‌ನಲ್ಲಿ, ಮುಂದೆ ಮಗು ಬರಿತಲೆಯಲ್ಲಿ ಕೂತಿರುವುದನ್ನು ದಿನವೂ ನೋಡುತ್ತೇವೆ. ಬಿದ್ದಾಗ ರಸ್ತೆಗೆ ಮೂವರೂ ಒಂದೇ. 4 ವರ್ಷ ದಾಟಿದ ಎಲ್ಲರಿಗೂ ಕಾನೂನು ಹೆಲ್ಮೆಟ್ ಕಡ್ಡಾಯ ಮಾಡಿದೆ. 9 ತಿಂಗಳಿನಿಂದ 4 ವರ್ಷದವರೆಗಿನ ಮಕ್ಕಳಿಗೂ ಅವರ ಅಳತೆಯ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸುರಕ್ಷಾ ಬೆಲ್ಟ್ ಬೇಕು, ವೇಗ 40 ಕಿ.ಮೀ. ಮೀರಬಾರದು.

ಸಹೋದರಿಯರೇ, ಸ್ಕಾರ್ಫ್ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎಂಬುದು ನಿಜವಲ್ಲ. ತೆಳು ಬಟ್ಟೆಯನ್ನು ಒಂದೇ ಸುತ್ತು ಸುತ್ತಿ, ತಲೆಯ ಮೇಲಿನ ಪಿನ್ನುಗಳನ್ನು ತೆಗೆದು, ತುರುಬನ್ನು ಕತ್ತಿನ ಹತ್ತಿರ ಕೆಳಗೆ ಕಟ್ಟಿ. ಸ್ಕಾರ್ಫ್ ಹಾಕಿಕೊಂಡೇ ಅಂಗಡಿಯಲ್ಲಿ ಹೆಲ್ಮೆಟ್ ಅಳತೆ ನೋಡಿ. ಬುರ್ಖಾದ ಅಂಚು, ದುಪಟ್ಟಾದ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಕ್ಷಣದಲ್ಲಿ ಕೆಳಗೆಳೆಯುತ್ತದೆ, ಕತ್ತಿಗೆ ಉರುಳೂ ಆಗಬಹುದು. ಹೊರಡುವ ಮುನ್ನ ಅವನ್ನು ಮಡಚಿ ಒತ್ತಿಟ್ಟುಕೊಳ್ಳಿ. ಚಕ್ರದ ಪಕ್ಕದ ಸ್ಯಾರಿ ಗಾರ್ಡನ್ನು ಅಂದಕ್ಕಾಗಿ ಬಿಚ್ಚಿಸಬೇಡಿ. ಗಂಡಸರೇ, ದಪ್ಪ ಟೋಪಿಯನ್ನು ಜೇಬಿನಲ್ಲಿಟ್ಟು ಮಸೀದಿ ತಲುಪಿದ ಮೇಲೆ ಧರಿಸಿ.

ಬಿದ್ದಾಗ

ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ, ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು. ಗಾಜನ್ನು ಮೇಲೆತ್ತಿ ಉಸಿರು ನೋಡಿ, 108ಕ್ಕೆ ಕರೆ ಮಾಡಿ. ತರಚು ಗಾಯವನ್ನು ಶುದ್ಧ ನೀರಿನಲ್ಲಿ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಊದಿದ ಮೂಳೆಯನ್ನು ತಿಕ್ಕಿಸಬೇಡಿ, ಮೊದಲು ಎಕ್ಸ್‌ರೇ ಆಗಲಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಇದ್ದರೆ ನನ್ನಂಥವರ ದವಾಖಾನೆಗೆ ಬಂದು ಸಮಯ ಕಳೆಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಇಂದು ಸಂಜೆ ನಿಮ್ಮ ಮನೆಯ ಹೆಲ್ಮೆಟ್‌ಗಳನ್ನು ಎಣಿಸಿ. ನಿಮ್ಮ ಬೈಕಿನಲ್ಲಿ ಕೂರುವ ತಲೆಗಳಿಗಿಂತ ಅವು ಕಡಿಮೆಯಿದ್ದರೆ, ಮುಂದಿನ ಸಂಬಳದಲ್ಲಿ ಮೊದಲ ಖರ್ಚು ಯಾವುದೆಂದು ನಿಮಗೆ ಗೊತ್ತಾಗುತ್ತದೆ.