ಮಹಾವೀರಾಚಾರ್ಯರ ಸಂಖ್ಯಾಹಾರ

ಬೀದರ, ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳಿಗೆ ಮಳಖೇಡವು ತೀರ ದೂರದ ಊರೇನಲ್ಲ. ಬೀದರದಿಂದ ದಕ್ಷಿಣಕ್ಕೆ ಪಯಣಿಸಿದರೆ ಕಾಗಿಣಾ ನದಿಯ ದಂಡೆಯಲ್ಲಿ ಪಾಳುಬಿದ್ದ ಕೋಟೆಯೊಂದು ಕಾಣುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಮಾನ್ಯಖೇಟವೇ ಇದು. ಕ್ರಿ.ಶ. ೮೧೪ರಿಂದ ೮೭೮ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ‘ಕವಿರಾಜಮಾರ್ಗ’ದ ಪ್ರಸಂಗದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಕೊಂಡಾಡಿದ ಗಣಿತಜ್ಞರೊಬ್ಬರು ಇದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರು ಮಹಾವೀರಾಚಾರ್ಯರು; ಸುಮಾರು ೮೫೦ರಲ್ಲಿ ಅವರು ಸಂಸ್ಕೃತದಲ್ಲಿ ರಚಿಸಿದ ಗ್ರಂಥ ‘ಗಣಿತಸಾರಸಂಗ್ರಹ’.

ಇದರ ಗುಣಾಕಾರದ ಲೆಕ್ಕಗಳಲ್ಲಿ ಒಂದು ಹೀಗಿದೆ: ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಏನು ಬರುವುದು? ವಾಚಕರು ಇದನ್ನು ಕಾಗದದ ಮೇಲೆ ಮಾಡಿ ನೋಡಿಯೇ ಮುಂದೆ ಓದಬೇಕೆಂದು ನನ್ನ ಕೋರಿಕೆ. ಯಂತ್ರದ ಗುಂಡಿಯೊತ್ತಿದವರಿಗೆ ಅರ್ಧ ಸಂತೋಷವಷ್ಟೇ ದೊರೆತೀತು. ಉತ್ತರ ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಇಂಥ ಗುಣಲಬ್ಧಗಳನ್ನು ಆಚಾರ್ಯರು ಕಂಠಾಭರಣಗಳಿಗೆ ಹೋಲಿಸಿದ್ದಾರೆ.

ಆದರೆ ೨೭೯೯೪೬೮೧ ಎಂಬ ಅಂದಚೆಂದವಿಲ್ಲದ ಸಂಖ್ಯೆ ಅವರಿಗೆ ಹೊಳೆದುದಾದರೂ ಹೇಗೆ? ಹಾರವನ್ನೇ ಬಿಡಿಸಿ ನೋಡೋಣ. ಅದರ ಅಂಕಗಳ ಮೊತ್ತ ೩೬. ಆದುದರಿಂದ ಸಂಖ್ಯೆಯು ೯ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಬಿಟ್ಟೊಂದು ಅಂಕವನ್ನು ಕೂಡಿದರೆ ಎರಡು ಮೊತ್ತಗಳೂ ೧೮. ಆದುದರಿಂದ ೧೧ರಿಂದಲೂ ಭಾಗವಾಗುತ್ತದೆ. ಇನ್ನೂ ಒಳ್ಳೆಯ ಸುಳಿವೊಂದುಂಟು: ೧೧ರ ವರ್ಗ ೧೨೧, ೧೧೧ರ ವರ್ಗ ೧೨೩೨೧. ಹೀಗೆಯೇ ಮುಂದುವರಿದರೆ ನಮ್ಮ ಹಾರವು ೧೧೧೧೧೧ರ ವರ್ಗವೆಂದು ತಿಳಿಯುತ್ತದೆ. ೧೧೧೧೧೧ ಎಂದರೆ ೧೧೧ × ೧೦೦೧. ೧೧೧ ಎಂದರೆ ೩ × ೩೭. ೧೦೦೧ ಎಂದರೆ ೭ × ೧೧ × ೧೩. ಐದು ಅವಿಭಾಜ್ಯ ಸಂಖ್ಯೆಗಳು, ಒಂದೊಂದೂ ಎರಡೆರಡು ಸಲ! ೩ ಮತ್ತು ೭ನ್ನು ಬೇರೆ ತೆಗೆದು ವರ್ಗಿಸಿದರೆ ೪೪೧. ಉಳಿದ ಮೂರರ ಗುಣಲಬ್ಧವಾದ ೫೨೯೧ನ್ನು ವರ್ಗಿಸಿದರೆ ೨೭೯೯೪೬೮೧. ಆಚಾರ್ಯರು ಹಾರವನ್ನು ಮೊದಲು ಕಟ್ಟಿಕೊಂಡು ಅನಂತರ ಬಿಡಿಸಿದರೆಂದೇ ನನ್ನ ಊಹೆ. ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಆದುದರಿಂದ ಈ ಸಂಖ್ಯೆಗೆ ೩ × ೩ × ೩ × ೩ × ೩, ಎಂದರೆ ೨೪೩ ಭಾಜಕಗಳಿವೆ.

ಬರಿಯ ಒಂದುಗಳ ಹಾರಗಳೆಲ್ಲವೂ ಹೀಗೆ ಬಿಡಿಯುತ್ತವೆಯೇ? ಎಂಟು ಒಂದುಗಳ ಹಾರವನ್ನು ಆಚಾರ್ಯರೇ ೧೫೨೨೦೭ × ೭೩ ಎಂದು ಕೊಟ್ಟಿದ್ದಾರೆ. ಒಂದುಗಳ ಎಣಿಕೆಯೇ ಸಂಯುಕ್ತ ಸಂಖ್ಯೆಯಾಗಿದ್ದರೆ ಹಾರವೂ ಸಂಯುಕ್ತವೇ. ಎಣಿಕೆ ಅವಿಭಾಜ್ಯವಾದರೆ ಹಾರವೂ ಅವಿಭಾಜ್ಯವೆಂದು ಮಾತ್ರ ನಂಬಬಾರದು. ಏಳು ಒಂದುಗಳ ಸಂಖ್ಯೆಯು ೨೩೯ × ೪೬೪೯. ಆಚಾರ್ಯರು ‘ಮಹಾಕ್ಷೋಭ’ದವರೆಗೆ ೨೪ ಸ್ಥಾನಗಳನ್ನು ಹೆಸರಿಸಿದ್ದಾರೆ. ಅಷ್ಟರೊಳಗೆ ೨, ೧೯, ೨೩ ಒಂದುಗಳ ಹಾರಗಳು ಮೂರೇ ಅವಿಭಾಜ್ಯಗಳು. ಕೊನೆಯ ಎರಡರ ವಿಷಯ ಸಿದ್ಧವಾದುದು ೨೦ನೆಯ ಶತಮಾನದಲ್ಲಿ.

ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ. ಈ ಅಂತರವನ್ನೇ ನಂಬಿ ೧೯೭೭ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಗುಪ್ತಲಿಪಿಯ ವಿಧಾನವೊಂದನ್ನು ರೂಪಿಸಿದರು. ಎರಡು ಭಾರಿ ಅವಿಭಾಜ್ಯಗಳ ಗುಣಲಬ್ಧವನ್ನು ಬಹಿರಂಗವಾಗಿ ಸಾರಿ, ಅವೆರಡನ್ನು ಮಾತ್ರ ಗುಟ್ಟಾಗಿಡುವುದು ಇದರ ತಂತ್ರ. ಅವರು ಪಂಥವಾಗಿ ಒಡ್ಡಿದ ೧೨೯ ಅಂಕಗಳ ಸಂಖ್ಯೆ ೧೯೯೪ರಲ್ಲಿ ಬಿಡಿಯಿತು. ೨೫೦ ಅಂಕಗಳ ಇನ್ನೊಂದು ೨೦೨೦ರಲ್ಲಿ. ಈ ಎರಡನೆಯದರ ಶ್ರಮವನ್ನು ಗಣಕಯಂತ್ರದ ಒಂದೇ ಸಂಸ್ಕರಣ ಘಟಕಕ್ಕೆ ಒಪ್ಪಿಸಿದ್ದರೆ ಸುಮಾರು ೨೭೦೦ ವರ್ಷ ಹಿಡಿಯುತ್ತಿತ್ತು! ಬಳಕೆಯಲ್ಲಿರುವ ಕೀಲಿಗಳಲ್ಲಿ ೬೧೭ ಅಂಕಗಳ ಸಂಖ್ಯೆಗಳುಂಟು. ಆಚಾರ್ಯರ ಹಾರದಲ್ಲಿ ಅಂಕಗಳ ಓರಣವೇ ಗುಟ್ಟನ್ನು ಹೊರಗೆಡಹುತ್ತದೆ. ಕೀಲಿಯ ಸಂಖ್ಯೆಗಳಲ್ಲಿ ಅಂಥ ಓರಣ ಇರಕೂಡದು.

ಆಚಾರ್ಯರ ಇನ್ನೊಂದು ಹಾರ: ೩೩೩೩೩೩೬೬೬೬೬೭ × ೩೩ = ೧೧೦೦೦೦೧೧೦೦೦೦೧೧. ಇಲ್ಲಿಯ ಮೊದಲ ಸಂಖ್ಯೆಯನ್ನು ಬಿಡಿಸುವ ಕೆಲಸವನ್ನು ವಾಚಕರಿಗೇ ಬಿಟ್ಟಿದ್ದೇನೆ. ೩೩೩೬೬೭ರಿಂದ ಭಾಗಿಸಿ ಆರಂಭಿಸಬಹುದು.