ಹಿತ್ತಲಿಗೆ ಮದ್ದು, ಮನೆಯ ನಾಯಿಗೆ ಮೃತ್ಯು

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಹಳೆಯ ಗಾದೆ. ಈಗ ಆ ಹಿತ್ತಲ ಗಿಡಕ್ಕೇ ಮದ್ದು ಹೊಡೆಯುವ ಕಾಲ ಬಂದಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಪೇಟೆಗೂ ಹೊಲಕ್ಕೂ ಬಹಳ ದೂರವಿಲ್ಲ. ಮನೆಯ ಹಿಂದೆ ನಾಲ್ಕು ತೆಂಗು, ಮಲ್ಲಿಗೆಯ ಬಳ್ಳಿ, ಅವರೆಯ ಚಪ್ಪರ; ಮುಂದೆ ಬಾಗಿಲು ಕಾಯುವ ನಾಯಿ. ಬಳ್ಳಿಗೆ ಹೇನು ಹತ್ತಿತೆಂದರೆ, ಆಲೂಗೆಡ್ಡೆಯ ಹೊಲಕ್ಕೆ ತಂದು ಉಳಿದುದನ್ನೇ ಹಿತ್ತಲಿಗೂ ಸಿಂಪಡಿಸಿಬಿಡುವುದುಂಟು. ಅಪಾಯ ಹುಟ್ಟುವುದು ಅಲ್ಲಿಯೇ.

ಎಲ್ಲರೂ ಅದನ್ನು ‘ಔಷಧಿ’ ಎಂದೇ ಕರೆಯುತ್ತಾರೆ. ವಾಸ್ತವವಾಗಿ ಅದು ವಿಷ. ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್‌ಗಳು ನರಗಳ ಸಂದೇಶವನ್ನು ಹತೋಟಿಯಲ್ಲಿಡುವ ಕಿಣ್ವವನ್ನು ತಡೆದು ಕೀಟವನ್ನು ಕೊಲ್ಲುತ್ತವೆ. ಅದೇ ಕಿಣ್ವ ನಾಯಿಯಲ್ಲಿಯೂ ಇದೆ, ಮನುಷ್ಯನಲ್ಲಿಯೂ ಇದೆ. ಈ ವರ್ಗದ ಡೈಕ್ಲೋರ್‌ವಾಸ್, ಫೋರೇಟ್‌ಗಳನ್ನು ಭಾರತ ಸರ್ಕಾರವು 2018ರ ಆಜ್ಞೆಯಂತೆ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಅವುಗಳ ಹಳೆಯ ಸೀಸೆ ಅಟ್ಟದ ಮೇಲೆ ಉಳಿದಿದ್ದರೆ ಅದನ್ನು ಬಳಸಲೇಬಾರದು.

ಮನುಷ್ಯನಿಗಿಂತ ನಾಯಿಗೆ ಅಪಾಯ ಹೆಚ್ಚು. ಮನುಷ್ಯನು ಚಪ್ಪಲಿ ಮೆಟ್ಟುತ್ತಾನೆ, ಕೈ ತೊಳೆಯುತ್ತಾನೆ. ನಾಯಿಯದು ಬರಿಗಾಲು, ಅದರ ಮೂಗು ಸದಾ ನೆಲದತ್ತ. ಹಸಿ ಹುಲ್ಲಿನ ಮೇಲೆ ಹೊರಳಿ, ಆಮೇಲೆ ನೆರಳಿನಲ್ಲಿ ಕುಳಿತು ಪಾದ ನೆಕ್ಕಿಕೊಂಡರೆ ವಿಷವು ನೇರವಾಗಿ ಹೊಟ್ಟೆ ಸೇರುತ್ತದೆ.

ಆದುದರಿಂದ ಮೊದಲು ಡಬ್ಬಿಯ ಮೇಲಿನ ತ್ರಿಕೋನವನ್ನು ನೋಡಬೇಕು. ಕೆಂಪು ಅತ್ಯುಗ್ರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಸೌಮ್ಯ. ಕೆಂಪು, ಹಳದಿಗಳಿಗೆ ಹಿತ್ತಲಿನಲ್ಲಿ ಕೆಲಸವಿಲ್ಲ. ಹೇನಿಗೆ ರಭಸದ ನೀರು, ಇಲ್ಲವೆ ಬೇವಿನೆಣ್ಣೆ ಬೆರೆಸಿದ ಸಾಬೂನು ನೀರು ಅನೇಕ ವೇಳೆ ಸಾಕು. ಸಿಂಪಡಿಸಲೇಬೇಕಾದರೆ ಗಾಳಿಯಿಲ್ಲದ ಹೊತ್ತನ್ನು ಆರಿಸಿ, ನಾಯಿಯನ್ನೂ ಅದರ ನೀರಿನ ಬೋಗುಣಿಯನ್ನೂ ಒಳಗಿಡಬೇಕು. ನೆಲ ಪೂರ್ಣವಾಗಿ ಒಣಗಿ, ಡಬ್ಬಿಯ ಮೇಲೆ ಬರೆದ ಅವಧಿ ಕಳೆಯುವವರೆಗೆ ಅದನ್ನು ಬಿಡಬಾರದು. ಬಸವನಹುಳುವಿಗೆಂದು ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳನ್ನೂ, ಬೆಲ್ಲ ಬೆರೆಸಿದ ವಿಷದ ತೌಡನ್ನೂ ನಾಯಿ ತಿಂಡಿಯೆಂದೇ ಭಾವಿಸಿ ತಿನ್ನುತ್ತದೆ. ಬರಿದಾದ ಡಬ್ಬಿಯನ್ನು ಕತ್ತರಿಸಿ ನಾಯಿಗೆ ನೀರಿಡುವುದಂತೂ ಅಕ್ಷಮ್ಯ.

ಬಾಯಲ್ಲಿ ಜೊಲ್ಲು, ವಾಂತಿ, ಭೇದಿ, ಕುಗ್ಗಿದ ಕಣ್ಣಪಾಪೆ, ನಡುಕ, ಏದುಸಿರು: ಇವು ಕಂಡರೆ ‘ನಾಳೆ ನೋಡೋಣ’ ಎನ್ನಬಾರದು. ಮೈಗೆ ವಿಷ ತಗುಲಿದ್ದರೆ, ಕೈಚೀಲ ಧರಿಸಿ ಸಾಬೂನು ನೀರಿನಲ್ಲಿ ತೊಳೆಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ ಹಾಕುವುದು ಬೇಡ. ವಿಷದ ಡಬ್ಬಿಯನ್ನೂ ಜೊತೆಗೆ ಕೊಂಡು ಪಶುವೈದ್ಯರ ಬಳಿಗೆ ಧಾವಿಸಬೇಕು. ಯಾವ ವಿಷವೆಂದು ತಿಳಿದರೆ ಚಿಕಿತ್ಸೆಗೆ ದಾರಿ ಸುಗಮ. ಆರ್ಗನೋಫಾಸ್ಫೇಟ್ ಆದರೆ ಅವರು ಅಟ್ರೋಪಿನ್ ಚುಚ್ಚುಮದ್ದು ನೀಡುತ್ತಾರೆ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲದೆ, ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ನಾಯಿಯ ಋಣವನ್ನು ಬಲ್ಲ ನಾಡು ಇದು. ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯ ನೆನಪಿಗೆ ನೆರೆಯ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಶಾಸನಶಿಲೆಯನ್ನೇ ನೆಟ್ಟರು. ಇಂದಿನ ಕಾಳಿಗಳು ಶಿಲೆಯನ್ನು ಬೇಡುವುದಿಲ್ಲ. ಮದ್ದು ಹೊಡೆಯುವ ದಿನ ಅವುಗಳಿಗೆ ಬೇಕಾದುದು ಮನೆಯೊಳಗೆ ಒಂದು ಮೂಲೆ, ಒಂದು ಬೋಗುಣಿ ಶುದ್ಧ ನೀರು ಮತ್ತು ಯಜಮಾನನ ಒಂದಿಷ್ಟು ಎಚ್ಚರ.