ಚಾವಣಿಯಿಲ್ಲದ ಕಾರಿಗೆ ನೆಲವೇ ಆಧಾರ

ಬೆಳಗಿನ ತಂಪಿನಲ್ಲಿ ಹೊಸಪೇಟೆಯ ಚಿತ್ತವಾಡ್ಗಿಯಿಂದ ಹೊರಟರೆ ಓಪನ್ ಕಾರಿಗೆಂದೇ ಹೇಳಿ ಮಾಡಿಸಿದಂಥ ದಾರಿಗಳು ಮೂರು ದಿಕ್ಕಿಗಿವೆ. ಒಂದು ಹಂಪಿಗೆ, ಒಂದು ಕಾಲುವೆ-ಗದ್ದೆಗಳ ಕಂಪ್ಲಿಗೆ, ಇನ್ನೊಂದು ಬೆಟ್ಟಗಳ ನಡುವಿನ ಸಂಡೂರಿಗೆ. ಹಂಪಿ ಹೊಸಪೇಟೆಯಿಂದ ಹದಿಮೂರು ಕಿಲೋಮೀಟರ್, ಉಳಿದೆರಡು ಮೂವತ್ತರ ಆಸುಪಾಸು. ಸುತ್ತಾಡಲೆಂದೇ ಹೊರಟವರಿಗೆ ಇಲ್ಲೆಲ್ಲೂ ಗಂಟೆಗೆ 60 ಕಿ.ಮೀ. ಮೀರುವ ತುರ್ತಿಲ್ಲ. ಅದಿರಿನ ಭರಾಟೆಯ ದಿನಗಳಲ್ಲಿ ಈ ಸೀಮೆಗೆ ದುಬಾರಿ ಕಾರುಗಳು ಬಂದಿದ್ದನ್ನು ಜನ ಇನ್ನೂ ಮರೆತಿಲ್ಲ. ಈಗ ಅಷ್ಟೊಂದು ದುಡ್ಡಿಲ್ಲದವರಿಗೂ ಓಪನ್ ಕಾರಿನ ಆಸೆ ಚಿಗುರುತ್ತಿದೆ. ಏಕೆಂದರೆ ಬೆಂಗಳೂರು, ಹೈದರಾಬಾದ್, ಮುಂಬೈಯ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಐಷಾರಾಮಿ ಕಾರುಗಳ ಬೆಲೆ ಬೇಗ ಇಳಿಯುತ್ತದೆ. ಕೊಳ್ಳುವವರು ಮೊದಲು ಮೇಲಿನ ಟಾಪ್ ನೋಡುತ್ತಾರೆ, ಆಮೇಲೆ ಎಂಜಿನ್ ಕೇಳುತ್ತಾರೆ. ಎಲ್ಲಕ್ಕಿಂತ ಮೊದಲು ನೋಡಬೇಕಾದ ನೆಲದ ಕಡೆ ಯಾರೂ ಬಗ್ಗುವುದಿಲ್ಲ.

ಇಂದಿನ ಬಹುತೇಕ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಕಂಬ, ಚಾವಣಿ ಎಲ್ಲ ಸೇರಿಸಿ ಬೆಸುಗೆ ಹಾಕಿದ ಒಂದೇ ಉಕ್ಕಿನ ಗೂಡು ಅದು. ಮುಂದಿನ ಎಡಗಾಲಿ ಗುಂಡಿಗಿಳಿದು ಹಿಂದಿನ ಬಲಗಾಲಿ ಹಂಪ್ ಏರಿದಾಗ ಗೂಡು ಓರೆಯಾಗಿ ತಿರುಚಿಕೊಳ್ಳಲು ನೋಡುತ್ತದೆ. ಬೂಟಿನ ರಟ್ಟಿನ ಡಬ್ಬಿಯ ಮುಚ್ಚಳಕ್ಕೆ ಸುತ್ತ ಟೇಪ್ ಹಚ್ಚಿ ಎರಡು ತುದಿ ಹಿಡಿದು ತಿರುಚಿ ನೋಡಿ, ಅದು ಜಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿದರೆ ಸಲೀಸಾಗಿ ಸೊಟ್ಟಗಾಗುತ್ತದೆ. ರಟ್ಟು ಅದೇ, ತೂಕವೂ ಹೆಚ್ಚು ಕಡಿಮೆ ಅಷ್ಟೇ. ನಾಲ್ಕೂ ಕಡೆ ಮುಚ್ಚಿದ್ದಾಗ ತಿರುಚುವ ಬಲ ಸುತ್ತಲೂ ಹಂಚಿಹೋಗುತ್ತಿತ್ತು, ಒಂದು ಮೈ ತೆರೆದದ್ದೇ ಆ ಸುತ್ತು ಕಡಿಯಿತು.

ಒಳ್ಳೆಯ ಸೆಡಾನ್ ಒಂದನ್ನು ಒಂದೇ ಒಂದು ಡಿಗ್ರಿ ತಿರುಚಲು 20 ಸಾವಿರ ನ್ಯೂಟನ್-ಮೀಟರ್‌ಗೂ ಮೀರಿದ ಬಲ ಬೇಕು. ಅದೇ ಕಾರಿನ ಟಾಪ್ ಕತ್ತರಿಸಿ ಸುಮ್ಮನೆ ಬಿಟ್ಟರೆ ಈ ಬಿಗಿಯಲ್ಲಿ ದೊಡ್ಡ ಪಾಲು ಹೊರಟುಹೋಗುತ್ತದೆ. ಅದನ್ನು ಮರಳಿ ಗಳಿಸಲು ಎಂಜಿನಿಯರುಗಳು ಬಾಗಿಲ ಕೆಳಗಿನ ಉದ್ದ ತೊಲೆಗಳನ್ನು ದಪ್ಪ ಮಾಡುತ್ತಾರೆ, ನೆಲದಡಿ ಅಡ್ಡಪಟ್ಟಿ ಬಿಗಿಯುತ್ತಾರೆ, ಮುಂಗಾಜಿನ ಎರಡು ಕಂಬಗಳೊಳಗೆ ಗಟ್ಟಿ ಉಕ್ಕಿನ ಕೊಳವೆ ತೂರಿಸುತ್ತಾರೆ. ಹೀಗಾಗಿ ಚಾವಣಿ ಇಲ್ಲದ ಕಾರು ಚಾವಣಿ ಇರುವ ತನ್ನ ಜೋಡಿಗಿಂತ ಹೆಚ್ಚು ಭಾರ ತೂಗುತ್ತದೆ.

ಇಷ್ಟೆಲ್ಲ ಮಾಡಿದರೂ ಸ್ವಲ್ಪ ನಡುಕ ಉಳಿಯುತ್ತದೆ. ಟಾಪ್ ತೆರೆದು ನಿಧಾನಕ್ಕೆ ರೈಲ್ವೆ ಗೇಟಿನ ಹಳಿಗಳನ್ನು ಓರೆಯಾಗಿ ದಾಟಿ, ಕಣ್ಣು ಒಳಗಿನ ಕನ್ನಡಿಯ ಮೇಲಿರಲಿ. ಕನ್ನಡಿಯಲ್ಲಿನ ದೃಶ್ಯ ಕ್ಷಣಕಾಲ ಕದಡಿ ನಿಂತರೆ ಸರಿ. ಡ್ಯಾಶ್‌ಬೋರ್ಡ್ ಮತ್ತು ಸ್ಟೇರಿಂಗ್ ಬೇರೆ ಬೇರೆ ತಾಳಕ್ಕೆ ನಡುಗುತ್ತಿದ್ದರೆ, ಬಾಗಿಲು ಕಿರುಗುಟ್ಟಿದರೆ ಆ ಗಾಡಿಯ ಬಿಗಿ ಸಡಿಲಾಗಿದೆ, ಇಲ್ಲವೇ ಅದು ಎಲ್ಲೋ ಜೋರಾಗಿ ಗುದ್ದಿಸಿಕೊಂಡು ಬಂದಿದೆ. ಕೆಲವು ಕಂಪನಿಗಳು ಕಾರಿನ ಮೂಲೆಗಳಲ್ಲಿ ರಬ್ಬರ್ ಮೇಲೆ ಕೂರಿಸಿದ ಭಾರದ ಗುಂಡು ಇಟ್ಟಿರುತ್ತವೆ. ಮೈ ಒಂದು ಕಡೆ ನಡುಗಿದಾಗ ಅದು ಎದುರು ದಿಕ್ಕಿಗೆ ನಡುಗಿ ಕಂಪನವನ್ನು ನುಂಗುತ್ತದೆ. ತೂಕ ಇಳಿಸುತ್ತೇನೆಂದು ಯಾರಾದರೂ ಅದನ್ನು ಬಿಚ್ಚಿಹಾಕಿದ್ದರೆ ಕಾರಿನ ಸುಖ ಅರ್ಧ ಹೋದಂತೆ. ಚಕ್ರವೂ ಇಲ್ಲಿ ಮುಖ್ಯ. ಅಂದಕ್ಕಾಗಿ ದೊಡ್ಡ ಅಲಾಯ್, ತೆಳು ಟೈರ್ ಹಾಕಿದ ಗಾಡಿಗಿಂತ ಸಣ್ಣ ಅಲಾಯ್, ಎತ್ತರದ ಟೈರಿನ ಗಾಡಿಯೇ ನಮ್ಮ ರಸ್ತೆಗೆ ಮೇಲು.

ಇನ್ನು ಎಂಜಿನ್ ಶಕ್ತಿಯ ಮಾತು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗ ಕಾಯ್ದುಕೊಳ್ಳಲು ಒಂದೂವರೆ ಟನ್ನಿನ ಕಾರಿಗೆ 10 ಅಶ್ವಶಕ್ತಿಯೂ ಬೇಡ. ಏರು, ಓವರ್‌ಟೇಕ್ ಅಂತ ಲೆಕ್ಕ ಹಾಕಿದರೂ 150 ಅಶ್ವಶಕ್ತಿ ಧಾರಾಳ. ಅದಕ್ಕಿಂತ ಹೆಚ್ಚು ಕೊಂಡರೆ ಅದನ್ನು ಬಳಸಲು ಗಾಳಿಯೇ ಬಿಡುವುದಿಲ್ಲ. ಮುಂಗಾಜಿನ ಮೇಲಂಚು ದಾಟಿದ ಗಾಳಿ ಹಿಂದಕ್ಕೆ ಹಾರಿಹೋಗುವಾಗ ಸೀಟುಗಳ ಮೇಲೆ ಒತ್ತಡ ಕಡಿಮೆಯಾಗುತ್ತದೆ. ಆ ಜಾಗ ತುಂಬಲು ಹಿಂದಿನಿಂದ ಗಾಳಿ ತಿರುಗಿ ಒಳನುಗ್ಗುತ್ತದೆ. ಆದ್ದರಿಂದಲೇ ಓಪನ್ ಕಾರಿನಲ್ಲಿ ಕೂತವರ ತಲೆಗೂದಲು ಹಿಂದಕ್ಕೆ ಹಾರುವ ಬದಲು ಮುಂದಕ್ಕೆ, ಮುಖದ ಮೇಲೆ ಬೀಳುತ್ತದೆ. ಸೀಟಿನ ಬೆನ್ನ ಹಿಂದೆ ನಿಲ್ಲಿಸುವ ಬಲೆಯ ಪರದೆ ಈ ಹಿಮ್ಮುಖ ಗಾಳಿಯನ್ನು ಮುರಿಯುತ್ತದೆ. ಕೊಳ್ಳುವಾಗ ಆ ಬಲೆ ಡಿಕ್ಕಿಯಲ್ಲಿ ಇದೆಯೇ ಎಂದು ಕೇಳಿ, ಎಷ್ಟೋ ಗಾಡಿಗಳಲ್ಲಿ ಅದು ಕಳೆದೇ ಹೋಗಿರುತ್ತದೆ. ಗಾಳಿಯ ಸದ್ದಿನ ಶಕ್ತಿಯಂತೂ ವೇಗದ ಸುಮಾರು ಆರನೇ ಘಾತದಲ್ಲಿ ಏರುತ್ತದೆ. 60ರಿಂದ 80ಕ್ಕೆ ಹೋದರೆ ಅದು ಐದು ಪಟ್ಟು ಮೀರುತ್ತದೆ. 60ರಲ್ಲಿ ಪಕ್ಕದವರ ಜೊತೆ ಹರಟೆ ಹೊಡೆಯಬಹುದು, 100ರಲ್ಲಿ ಕಿರುಚಬೇಕು.

ಟಾಪ್‌ನಲ್ಲಿ ಎರಡು ಜಾತಿ. ಲೋಹದ ಚಾವಣಿಯನ್ನೇ ಮಡಚಿ ಡಿಕ್ಕಿಗಿಡುವ ಉಪಾಯ ಫ್ರಾನ್ಸಿನ ದಂತವೈದ್ಯ ಜಾರ್ಜ್ ಪೋಲಾಂ ಅವರದು. 1934ರ ಪ್ಯೂಜೊ 601 ಎಕ್ಲಿಪ್ಸ್ ಕಾರಿನಲ್ಲಿ ಅದು ರಸ್ತೆಗಿಳಿಯಿತು. 1996ರ ಮರ್ಸಿಡಿಸ್ ಎಸ್‌ಎಲ್‌ಕೆ ಅದನ್ನು ಗುಂಡಿ ಒತ್ತಿದರೆ ಮಡಚಿಕೊಳ್ಳುವ ಫ್ಯಾಷನ್ ಮಾಡಿತು. ಮುಚ್ಚಿದಾಗ ಸದ್ದಿಲ್ಲ, ಕಳ್ಳರ ಭಯ ಕಡಿಮೆ. ತೆರೆದಾಗ ಮಾತ್ರ ಡಿಕ್ಕಿ ತುಂಬಿ ಹೋಗುತ್ತದೆ. ಬಟ್ಟೆಯ ಟಾಪ್ ಹಗುರ. ಹೊರಗೆ ಗಟ್ಟಿ ನೇಯ್ಗೆ, ನಡುವೆ ರಬ್ಬರ್, ಒಳಗೆ ಇನ್ನೊಂದು ಬಟ್ಟೆ, ಹೀಗೆ ಮೂರು ಪದರ ಅಂಟಿಸಿದ್ದು. 2014ರ ಕೊನೆಗೆ ಇಲ್ಲಿ ಸುಮಾರು 45 ಲಕ್ಷಕ್ಕೆ ಬಂದ ಆಡಿ ಎ3 ಕ್ಯಾಬ್ರಿಯೊಲೆ ಕಾರಿನ ಬಟ್ಟೆ ಟಾಪ್ 18 ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ. ಯಾವ ಜಾತಿಯಾದರೂ ಒಳಗಿನ ಕ್ರಮ ಒಂದೇ: ಕಿಟಕಿ ಗಾಜು ಇಳಿಯಬೇಕು, ಕೊಂಡಿ ಬಿಡಬೇಕು, ಹಿಂದಿನ ಮುಚ್ಚಳ ಏಳಬೇಕು, ಟಾಪ್ ಮಡಚಬೇಕು, ಮುಚ್ಚಳ ಕೂರಬೇಕು. ಪ್ರತಿ ಹೆಜ್ಜೆಗೂ ಒಂದು ಸೆನ್ಸರ್ ಆಯಿತು ಎಂದು ಹೇಳಿದ ಮೇಲೆಯೇ ಪಂಪು ಮುಂದಿನ ಸಿಲಿಂಡರಿಗೆ ಎಣ್ಣೆ ಒತ್ತುತ್ತದೆ. ಒಂದು ಸೆನ್ಸರ್ ಸುಮ್ಮನಾದರೆ ಟಾಪ್ ಅರ್ಧ ಆಕಾಶದಲ್ಲೇ ನಿಲ್ಲುತ್ತದೆ.

ನಮ್ಮ ಸೀಮೆಯ ನಿಜವಾದ ಪರೀಕ್ಷೆ ಇರುವುದು ಧೂಳಿನಲ್ಲಿ. ಸಂಡೂರಿನ ಕೆಂಪು ಧೂಳು ಬರೀ ಮಣ್ಣಲ್ಲ, ಅದರಲ್ಲಿ ಹೆಮಟೈಟ್ ಅದಿರಿದೆ. ಅದು ಗಾಜಿನಷ್ಟೇ ಗಡಸು. ಟಾಪ್‌ನ ಸಂದುಗಳಲ್ಲಿ ಗ್ರೀಸಿನೊಂದಿಗೆ ಕಲೆತರೆ ಉಕ್ಕನ್ನೂ ಅರೆಯುತ್ತದೆ, ಸಿಲಿಂಡರಿನ ಸೀಲಿಗೆ ಹತ್ತಿದರೆ ಎಣ್ಣೆ ಸೋರುತ್ತದೆ. ಇದಕ್ಕಿಂತ ದೊಡ್ಡ ಕಾಟ ಮೋರಿಯದು. ಟಾಪ್‌ನ ಹಿಂದಿನ ಅಂಚಿನಲ್ಲಿ ಇಳಿದ ಮಳೆನೀರು ಒಂದು ಕಾಲುವೆಗೆ ಬಿದ್ದು, ಅಲ್ಲಿಂದ ಸಣ್ಣ ಪೈಪಿನಲ್ಲಿ ಹಿಂಗಾಲಿಯ ಹತ್ತಿರ ಹೊರಹೋಗುವ ಹಾಗೆ ಮಾಡಿರುತ್ತಾರೆ. ಬೇವಿನೆಲೆ, ಧೂಳು ಸೇರಿ ಪೈಪು ಕಟ್ಟಿದರೆ ನೀರು ಒಳಗಿಳಿಯುತ್ತದೆ. ಬಿಗಿಯೆಲ್ಲ ಯಾವುದರಲ್ಲಿದೆಯೋ ಆ ತೊಲೆಯೊಳಗೇ ತುಕ್ಕು ಕೂರುತ್ತದೆ.

ಹಾಗಾಗಿ ನೋಡಲು ಹೋದಾಗ ಒಂದು ಚೊಂಬು ನೀರು ಕೇಳಿ. ಆ ಕಾಲುವೆಗೆ ನಿಧಾನಕ್ಕೆ ಸುರಿದು ಕಾರಿನಡಿ ಬಗ್ಗಿ. ನೀರು ಗಾಲಿಯ ಬಳಿ ಧಾರೆಯಾಗಿ ಬಿದ್ದರೆ ಒಳ್ಳೆಯದು. ಬೀಳದಿದ್ದರೆ ಮ್ಯಾಟ್ ಎತ್ತಿ ಅಡಿಯ ಸ್ಪಂಜನ್ನು ಬೆರಳಲ್ಲಿ ಒತ್ತಿ ನೋಡಿ, ಒದ್ದೆ ಹತ್ತಿದರೆ ಅಥವಾ ಮುಗ್ಗಲು ವಾಸನೆ ಬಂದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಬೀಡಿಂಗ್ ಒಣಗಿ ಬಿರಿದಿದೆಯೇ, ಹಿಂದಿನ ಗಾಜು ಬಟ್ಟೆಯಿಂದ ಅಂಟು ಬಿಟ್ಟಿದೆಯೇ ನೋಡಿ. ಟಾಪ್ ಸತತ ಮೂರು ಸಲ ತೆರೆದು ಮುಚ್ಚಿಸಿ. ಮಾರುವವರು ಬೇಸರಪಟ್ಟುಕೊಂಡರೆ ಅದಕ್ಕೂ ಒಂದು ಅರ್ಥವಿದೆ.

ಬಿಸಿಲಿನ ಲೆಕ್ಕ ಬೇರೆ. ಹೊಸಪೇಟೆ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ, ತೆರೆದ ಕಾರಿನಲ್ಲಿ ನೆರಳೆಂಬುದೇ ಇರುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗು-ಸಂಜೆಗಳೇ ಇದರ ಸುಗ್ಗಿ. ವರ್ಷದ ಉಳಿದ ಕಾಲ ಮುಚ್ಚಿಯೇ ಓಡಿಸಬೇಕಾದ್ದರಿಂದ ಎಸಿ ಗಟ್ಟಿ ಇರಬೇಕು, ತಿಳಿಬಣ್ಣದ ಸೀಟಾದರೆ ತೊಡೆ ಸುಡುವುದು ಕಡಿಮೆ.

ಅಗ್ಗದ ಓಪನ್ ಕಾರು ಮಾಡಲು ನಮ್ಮವರೂ ಕೈಹಾಕಿದ್ದರು. 1998ರಲ್ಲಿ ಶುರುವಾದ ಸ್ಯಾನ್ ಮೋಟಾರ್ಸ್ ತನ್ನ ಸ್ಟಾರ್ಮ್ ಕಾರಿಗೆ ಫೈಬರ್ ಗ್ಲಾಸ್ ಮೈ, ರೆನೊ ಕಂಪನಿಯ 1149 ಸಿಸಿ ಎಂಜಿನ್ ಕೊಟ್ಟಿತು. ಎರಡೇ ಸೀಟು. ಆದರೆ ಬಹಳ ಮಂದಿಗೆ ಅದು ತಲುಪಲಿಲ್ಲ. ಹಳ್ಳಿ ರಸ್ತೆಗೆ ಒಗ್ಗಿದ್ದು ಹಳೆಯ ಜೀಪು, ಜಿಪ್ಸಿ, ಆಮೇಲೆ ಸಾಫ್ಟ್ ಟಾಪ್ ಥಾರ್. ಇವುಗಳ ಅಡಿಯಲ್ಲಿ ಏಣಿಯಂಥ ಪ್ರತ್ಯೇಕ ಚಾಸಿ ಇದೆ. ಮೊದಲಿನಿಂದಲೂ ಭಾರ ಹೊತ್ತದ್ದು ಅದೇ ಆದ್ದರಿಂದ ಟಾಪ್ ಬಿಚ್ಚಿದರೆ ಬಿಗಿ ಅಷ್ಟಾಗಿ ಕಳೆದುಹೋಗುವುದಿಲ್ಲ. 2020ರ ಥಾರ್‌ನಲ್ಲಿ ತಲೆ ಕಾಯುವ ಕಂಬಿಯ ಗೂಡೂ ಇದೆ. ಮೆತ್ತನೆ ಸವಾರಿ, ನಯವಾದ ಸದ್ದು ಅದರಲ್ಲಿ ಸಿಗದು, ಆದರೆ ಕೆಟ್ಟರೆ ಹೊಸಪೇಟೆಯಲ್ಲೇ ರಿಪೇರಿ.

ಬೇಕಾದ್ದು ಮೆತ್ತನೆಯ ಸವಾರಿಯೇ ಆದರೆ ಬಟ್ಟೆ ಟಾಪ್‌ನ, ಸಣ್ಣ ಎಂಜಿನ್ನಿನ, ನಾಲ್ಕು ಸೀಟಿನ ಗಾಡಿ ಹುಡುಕಿ. ಹೊರರಾಜ್ಯದ ನಂಬರಾದರೆ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಿ ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಕರ್ನಾಟಕದಲ್ಲಿ ಅದು ಶೇಕಡಾ 18 ಇತ್ತು, ಹಳೆಯದಕ್ಕೆ ವಯಸ್ಸು ನೋಡಿ ಇಳಿಯುತ್ತದೆ. ಆ ಮೊತ್ತವನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದ ಮೇಲೆಯೇ ಮುಂಗಡ ಕೊಡಿ. ಕೈಲಿರುವ ಹಣವನ್ನೆಲ್ಲ ಕಾರಿಗೇ ಸುರಿಯದೆ ಟಾಪ್‌ನ ಪಂಪು, ಸೀಲು, ಬೀಡಿಂಗಿಗೆಂದು ಒಂದು ಪಾಲು ತೆಗೆದಿಡಿ. ಅಷ್ಟು ಉಳಿಯುವುದಿಲ್ಲ ಎನ್ನುವುದಾದರೆ ನಿಮ್ಮ ಬಜೆಟ್ಟಿಗೆ ಥಾರ್ ಸಾಕು, ಹಂಪಿಯ ಬೆಳಗು ಅದರಲ್ಲಿ ಕೂತವರಿಗೂ ಕಾಣುತ್ತದೆ.